ಹಿರೇವಡ್ಡಟ್ಟಿಯಲ್ಲಿ ನಾಲ್ಕು ಗುಂಪಿ ಅರಿವಿ

ಯುಗಾದಿ ಕಳೆದು ಬಸವ ಜಯಂತಿ ಬರುವವರೆಗಿನ ದಿನಗಳಲ್ಲಿ ಮುಂಡರಗಿ ಸೀಮೆಯ ಹೊಲಗಳಲ್ಲಿ ಮಾಡುವಂಥ ಕೆಲಸ ಹೆಚ್ಚಿರುವುದಿಲ್ಲ. ಜೋಳ, ಕಡಲೆ ಮನೆ ಸೇರಿರುತ್ತವೆ. ಹತ್ತಿ ಕಟಿಗಿ ಕಿತ್ತು ಹಿತ್ತಲಲ್ಲಿ ಒಟ್ಟಿರುತ್ತಾರೆ. ಮಳೆಗೆ ಇನ್ನೂ ಕಾಲವಿದೆ. ಊರಿನ ಹೆಂಗಸರು ವರ್ಷವಿಡೀ ಮುಂದಕ್ಕೆ ಹಾಕುತ್ತ ಬಂದ ಮೂರು ಕೆಲಸಗಳನ್ನು ಈ ಬಿಡುವಿನಲ್ಲೇ ಮುಗಿಸಬೇಕು: ಹಪ್ಪಳ ಸಂಡಿಗಿ, ಖಾರ ಕುಟ್ಟಿಸುವುದು, ಹಳೆ ಬಟ್ಟೆಯ ಕೌದಿ ಹೊಲಿಯುವುದು. ಮೊದಲೆರಡರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಾಯಿಗೆ ರುಚಿ ಎಂಬ ಕಾರಣಕ್ಕೆ. ನಾನು ಹಿರೇವಡ್ಡಟ್ಟಿಗೆ ಹೊರಟದ್ದು ಮೂರನೆಯದಕ್ಕೆ. ಗೆಳತಿಯ ತವರು ಅದು. ಅವಳ ಮಗಳು ಚೊಚ್ಚಲ ಬಾಣಂತನಕ್ಕೆ ಅಜ್ಜಿಯ ಮನೆಗೇ ಬಂದಿದ್ದಳು. ಕೂಸು ಹುಟ್ಟುವ ಮೊದಲು ತೊಟ್ಟಿಲಿಗೊಂದು, ಬಾಣಂತಿಗೊಂದು ಕೌದಿ ಆಗಬೇಕೆಂದು ಅಜ್ಜಿ ಹಟ ಹಿಡಿದಿದ್ದಾಳೆ, ನೋಡುವ ಮನಸ್ಸಿದ್ದರೆ ಬಾ ಎಂದು ಕರೆ ಬಂದಿತ್ತು.

ಗದಗಿನಿಂದ ಡಂಬಳದ ದಾರಿ ಹಿಡಿದೆ. ಶಕ್ತಿ ಯೋಜನೆ ಬಂದ 2023ರಿಂದ ಈ ಕಡೆಯ ಬಸ್ಸುಗಳಲ್ಲಿ ಗಂಡಸರು ಬಾಗಿಲ ಹತ್ತಿರ ಜೋತುಬೀಳುವವರು, ಸೀಟುಗಳೆಲ್ಲ ಹೆಂಗಸರವು. ಪ್ರತಿಯೊಬ್ಬರ ತೊಡೆಯ ಮೇಲೂ ಒಂದು ಗಂಟು ಅಥವಾ ಬ್ಯಾಗು. ಬಲಗಡೆ ದೂರಕ್ಕೆ ಕಪ್ಪತಗುಡ್ಡ, ಅದರ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರದ ರೆಕ್ಕೆಗಳು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು ಗಣಿಯವರಿಂದ ಉಳಿಸಿಕೊಳ್ಳಲು ಗದಗಿನ ಜನ ಬೀದಿಗಿಳಿದದ್ದು ನೆನಪಿರಬಹುದು; 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗುಡ್ಡದ ಮಗ್ಗುಲಲ್ಲಿ ಮಸಾರಿ ನೆಲ, ಇಳಿದು ಬಂದಂತೆ ಕಪ್ಪು ಎರಿ ನೆಲ. ಎರಿ ಎಂದರೆ ಹತ್ತಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಡಂಬಳದಲ್ಲಿ ಇಳಿದೆ. ದೊಡ್ಡಬಸಪ್ಪನ ಗುಡಿಯನ್ನು ನೋಡದೆ ಆ ಊರನ್ನು ದಾಟಬಾರದು. ಕಲ್ಯಾಣ ಚಾಲುಕ್ಯರ ಕಾಲದ ಕೊನೆಯ ಘಟ್ಟದ ಕೆಲಸ. ಗೋಡೆ ಎಲ್ಲಿಯೂ ಚಪ್ಪಟೆಯಾಗಿ ನಿಲ್ಲುವುದಿಲ್ಲ, ಮೂಲೆಯ ಮೇಲೆ ಮೂಲೆ ತಿರುಗಿಸುತ್ತ 24 ಮೊನೆಗಳ ನಕ್ಷತ್ರವಾಗಿ ಗರ್ಭಗುಡಿಯನ್ನು ಸುತ್ತುತ್ತದೆ. ನನ್ನನ್ನು ಹೆಚ್ಚು ಹೊತ್ತು ಕಾಡಿದ್ದು ಮಾತ್ರ ಕಣ್ಣಿಗೆ ಕಾಣುವ ಗುಡಿಯಲ್ಲ, ಕಾಣದೆ ಹೋದ ವಿಹಾರ. ಡಂಬಳಕ್ಕೆ ಆಗ ಧರ್ಮವೊಳಲು ಎಂದು ಹೆಸರು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1095ರ ಶಾಸನ ಇಲ್ಲಿ ಎರಡು ಬೌದ್ಧ ವಿಹಾರಗಳಿದ್ದವೆಂದು ಹೇಳುತ್ತದೆ. ಒಂದನ್ನು ಈ ಊರಿನ 16 ಮಂದಿ ಸೆಟ್ಟರು ಸೇರಿ ಕಟ್ಟಿಸಿದ್ದರು. ಇನ್ನೊಂದು ಆರ್ಯತಾರಾ ದೇವಿಯದು, ಕಟ್ಟಿಸಿದವನು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಸೆಟ್ಟಿ. ಬೌದ್ಧ ಭಿಕ್ಷುಗಳ ಬಟ್ಟೆಯ ನಿಯಮ ವಿನಯಪಿಟಕದಲ್ಲಿದೆ. ಕಸದ ಗುಂಡಿಯಲ್ಲಿ, ಸುಡುಗಾಡಿನಲ್ಲಿ ಬಿದ್ದ ಚಿಂದಿಯನ್ನು ಆಯ್ದು, ತೊಳೆದು, ತುಂಡು ಮಾಡಿ, ಬಣ್ಣ ಕಟ್ಟಿ ಹೊಲಿದುಕೊಳ್ಳಬೇಕು. ತುಂಡುಗಳನ್ನು ಹೇಗೆ ಕೂಡಿಸಬೇಕೆಂಬ ಪ್ರಶ್ನೆ ಬಂದಾಗ ಬುದ್ಧ ಮಗಧದ ಗದ್ದೆಗಳನ್ನೂ ಬದುಗಳನ್ನೂ ಆನಂದನಿಗೆ ತೋರಿಸಿ, ಹಾಗೆ ಹೊಲಿಯಲಾದೀತೇ ಎಂದು ಕೇಳಿದನಂತೆ. ಆನಂದ ಹೊಲಿದು ತಂದ. ಹನ್ನೊಂದನೆಯ ಶತಮಾನದ ಧರ್ಮವೊಳಲಿನಲ್ಲಿ, ಸೆಟ್ಟರ ಪೋಷಣೆಯಲ್ಲಿದ್ದ ಭಿಕ್ಷುಗಳು ಇನ್ನೂ ಚಿಂದಿ ಆಯುತ್ತಿದ್ದರೆಂದು ನಾನು ನಂಬುವುದಿಲ್ಲ. ಹೊಸ ಬಟ್ಟೆಯನ್ನೇ ಕತ್ತರಿಸಿ ಮತ್ತೆ ಕೂಡಿಸಿಕೊಳ್ಳುತ್ತಿದ್ದಿರಬೇಕು. ಲೋಕದ ಎಷ್ಟೋ ಕಡೆ ಇವತ್ತಿಗೂ ಭಿಕ್ಷುಗಳ ಚೀವರ ಹೀಗೆಯೇ ತಯಾರಾಗುತ್ತದೆ. ಬಡತನ ಹೋಗಿ ಬಡತನದ ನಕ್ಷೆ ಉಳಿಯುವುದು ಬಟ್ಟೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿ.

ಹಿರೇವಡ್ಡಟ್ಟಿ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಣ್ಣಿನ ಮಾಳಿಗೆ ಮನೆ. ಒಳಗೆ ಕಾಲಿಟ್ಟರೆ ಹೊರಗಿನ ಕಾವು ಮರೆತುಹೋಗುವಷ್ಟು ತಂಪು. ಪಡಸಾಲಿಯಲ್ಲಿ ಆಯಿ (ಅಜ್ಜಿಯನ್ನು ಇಲ್ಲಿ ಕರೆಯುವುದು ಹಾಗೆ) ಕಾಲು ಚಾಚಿ ಕೂತಿದ್ದಳು, ಎದುರಿಗೆ ನಾಗೊಂದಿಗೆಯಿಂದ ಇಳಿಸಿದ ಗಂಟು. ಒಂದು ಗಂಟಲ್ಲ, ಗಂಟಿನೊಳಗೆ ಗಂಟು. ಹರಿದ ಸೀರೆಯಲ್ಲಿ ಹರಿದ ಅಂಗಿಗಳನ್ನು ಕಟ್ಟಿ, ಅಂಥ ನಾಲ್ಕಾರನ್ನು ಸೇರಿಸಿ ಇನ್ನೊಂದು ಸೀರೆಯಲ್ಲಿ ಕಟ್ಟಿತ್ತು.

‘ಬಾರವ್ವಾ, ಊಟ ಆಗಲಿ, ಆಮ್ಯಾಲ ಬಿಚ್ಚೂಣು. ಉಣ್ಣದ ಅರಿವಿ ಮುಟ್ಟಿದ್ರ ಧೂಳಾ ಹೊಟ್ಟಿ ತುಂಬತೈತಿ’ ಎಂದಳು.

ರೊಟ್ಟಿ, ಮಡಿಕಿಕಾಳಿನ ಪಲ್ಯ, ಕೆಂಪು ಚಟ್ನಿ. ಆಮೇಲೆ ಗಂಟು.

ಕೌದಿಯ ಬಗ್ಗೆ ಬರೆದವರೆಲ್ಲ ಹೊಲಿಗೆಯ ಬಗ್ಗೆ ಬರೆಯುತ್ತಾರೆ. ಹೊಲಿಗೆ ಕಣ್ಣಿಗೆ ಕಾಣುತ್ತದೆ, ಫೋಟೋಕ್ಕೆ ಸಿಗುತ್ತದೆ. ಆದರೆ ಆ ಹೊಲಿಗೆಯಲ್ಲಿ ಕಲಿಯುವಂಥದ್ದು ಬಹಳವೇನಿಲ್ಲ: ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಸಾಲಿಗೆ ಸಾಲು ಹತ್ತಿರ ಇರಬೇಕು, ಅಷ್ಟೆ. ಹತ್ತು ವರ್ಷದ ಹುಡುಗಿಯೂ ಒಂದು ಮಧ್ಯಾಹ್ನದಲ್ಲಿ ಕಲಿತಾಳು. ಕಲಿಯಲು ಆಯುಷ್ಯ ಬೇಡುವುದು ಹಸನು ಮಾಡುವ ಕೆಲಸ, ಯಾವ ತುಂಡು ಎಲ್ಲಿಗೆ ಎಂದು ಹೇಳುವ ಕಣ್ಣು. ಅದನ್ನು ಆಯಿಯ ಎದುರು ಕೂತು ನೋಡದೆ ಹೋಗಿದ್ದರೆ ನಾನೂ ಬಣ್ಣಗಳ ಬಗ್ಗೆಯೇ ಬರೆಯುತ್ತಿದ್ದೆ.

ಯಾಕೆಂದರೆ ಆಯಿ ಬಣ್ಣವನ್ನು ನೋಡಲೇ ಇಲ್ಲ. ಮೊದಲು ಗುಂಡಿ, ಹುಕ್ಕು, ಕಾಜಿನ ಪಟ್ಟಿ ಕತ್ತರಿಸಿ ತೆಗೆದಳು. ಗುಂಡಿಗಳು ಹಳೆಯ ಡಬ್ಬಿಗೆ ಹೋದವು. ಹೊಲಿಗೆಯ ದಪ್ಪ ಅಂಚುಗಳೂ ಬೇರೆಯಾದವು. ಅವು ಒಳಗೆ ಉಳಿದರೆ ಮಲಗಿದವರ ಬೆನ್ನಿಗೆ ಕಡ್ಡಿ ಇಟ್ಟಂತೆ ಒತ್ತುತ್ತವೆ. ಆಮೇಲೆ ಒಂದೊಂದು ತುಂಡನ್ನೂ ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಎಳೆ ಸವೆದ ಕಡೆ ಬೆಳಕು ಸೋಸಿ ಬರುತ್ತದೆ. ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಗ್ಗಿಸಿದಳು. ಮೂಗಿನ ಹತ್ತಿರ ತಂದಳು. ಅನುಮಾನ ಬಂದ ತುಂಡಿನ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟಳು. ನೂಲಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಬೂದಿ. ಪಾಲಿಸ್ಟರ್ ಆದರೆ ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಗುತ್ತದೆ. ಪ್ರಯೋಗಾಲಯಗಳಲ್ಲೂ ಮೊದಲ ಪರೀಕ್ಷೆ ಇದೇ.

ಕತ್ತರಿಯನ್ನು ಅಂಚಿಗಷ್ಟೇ ಬಳಸಿ, ಉಳಿದದ್ದನ್ನು ಕೈಯಿಂದ ಸೀಳುತ್ತಿದ್ದಳು. ನೂಲಿನ ಬಟ್ಟೆಗೆ ಅಂಚಿನಲ್ಲಿ ಒಂದು ಕಚ್ಚು ಹಾಕಿ ಎಳೆದರೆ ಅದು ಎಳೆಯ ಗುಂಟ ನೆಟ್ಟಗೆ ಸೀಳಿಕೊಂಡು ಹೋಗುತ್ತದೆ. ಅಳತೆಪಟ್ಟಿ ಇಟ್ಟು ಕತ್ತರಿಸಿದರೂ ಅಷ್ಟು ನೇರ ಬರುವುದಿಲ್ಲ. ಹಾಗೆ ಎಳೆಗುಂಟ ಸೀಳಿದ ತುಂಡು ಒಗೆದ ಮೇಲೆ ಸೊಟ್ಟಗಾಗದು. ಸೀಳುವ ಸದ್ದಿನಿಂದಲೇ ಬಟ್ಟೆಯ ವಯಸ್ಸು ಹೇಳಬಹುದು ಎಂದಳು ಗೆಳತಿ. ನನಗೆ ಎಲ್ಲವೂ ಒಂದೇ ಸದ್ದು ಕೇಳಿಸಿತು.

ಹೀಗೆ ನಾಲ್ಕು ಗುಂಪಿ ಬಿದ್ದವು. ಇನ್ನೂ ಕಸುವಿರುವ ತುಂಡುಗಳು ಮ್ಯಾಲಿನ ಮಾರಿಗೆ. ಸವೆದು ಮೆತ್ತಗಾದವು ಒಳಗಿನ ಪದರಕ್ಕೆ. ಧೋತರ, ಸೀರೆಯ ಮೈ, ಹಾಸಿಗೆಯ ಚಾದರದಂಥ ದೊಡ್ಡವು ಅಸ್ತರಕ್ಕೆ. ನಾಲ್ಕನೆಯದು ಕೌದಿಗೆ ಬಾರದ್ದು. ಮೊದಲ ಗುಂಪಿಯಲ್ಲೂ ಒಂದು ಒಳಭೇದವಿದೆ: ಗಟ್ಟಿ ತುಂಡಿನ ಮಗ್ಗುಲಿಗೆ ಸಪ್ಪೆ ತುಂಡು ಇಡಬಾರದು. ಯಾಕೆ ಎಂದೆ.

‘ಗಟ್ಟೀದು ಜಗ್ಗತೈತಿ, ಸವದದ್ದು ಹರೀತೈತಿ. ಹೊಲಿಗಿ ಗಟ್ಟಿ ಇದ್ರ ಇನ್ನೂ ಲಗೂನ ಹರೀತೈತಿ. ಓರಿಗಿ ಓರಿಗಿ ಇರಬೇಕು.’

ಎತ್ತು ಕಟ್ಟುವಾಗ ಬಳಸುವ ಮಾತು ಅದು, ಓರಿಗೆ. ಅಂದರೆ ಅವಳು ವಿಂಗಡಿಸುತ್ತಿದ್ದದ್ದು ಪ್ರತಿ ತುಂಡಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಎಂಬುದರ ಮೇಲೆ. ಒಂದೇ ಕೌದಿಯ ತುಂಡುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಸವೆಯಬೇಕು. ಬಣ್ಣದ ವಿಚಾರ ಬರುವುದು ಕೊನೆಗೆ, ಅದೂ ಭಯದಿಂದ: ಕೆಂಪು, ನೇರಳೆ ಬಣ್ಣ ಬಿಡುತ್ತವೆಯೋ ಎಂದು ಒದ್ದೆ ಮಾಡಿ ಬಿಳಿಯ ಧೋತರಕ್ಕೆ ಒತ್ತಿ ನೋಡುತ್ತಾರೆ. ಬಿಟ್ಟರೆ ಉಪ್ಪುನೀರಲ್ಲಿ ನೆನೆಸಿ ಒಗೆದು ಮತ್ತೆ ನೋಡುತ್ತಾರೆ.

ಇಳಕಲ್ ಸೀರೆ ಬಂದಾಗ ಪಡಸಾಲಿಯಲ್ಲಿದ್ದ ಎಲ್ಲರೂ ಮುಂದಕ್ಕೆ ಬಾಗಿದರು. ಚಂದ್ರಕಾಳಿ. ಮೈ ನೂಲಿನದು, ಅಂಚು ಸೆರಗು ರೇಷ್ಮೆಯವು. ಇಳಕಲ್ ನೇಕಾರರು ಮೈಯ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದು ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಸೀರೆಯ ಗುರುತೇ ಆ ಕೊಂಡಿ. ಇಷ್ಟು ವರ್ಷ ಉಟ್ಟ ಮೇಲೆ ಮೈ ಸೋಸುಬಟ್ಟೆಯಷ್ಟು ತೆಳುವಾಗಿತ್ತು, ತೋಪುತೆನಿಯ ಕೆಂಪು ಸೆರಗು ಮಾತ್ರ ಮದುವೆಗೆ ಹೊರಟಂತಿತ್ತು. ಒಂದೇ ಸೀರೆ, ಎರಡು ವಯಸ್ಸು. ಆಯಿ ಕೊಂಡಿಯ ಗುಂಟವೇ ಅದನ್ನು ಬೇರೆ ಮಾಡಿದಳು: ಮೈ ತೊಟ್ಟಿಲ ಕೌದಿಯ ಒಳಪದರಕ್ಕೆ, ಸೆರಗು ಬಾಣಂತಿಯ ಕೌದಿಯ ನಡುವಿಗೆ. ಗಜೇಂದ್ರಗಡದ ಪಟ್ಟೇದಂಚು ಸೀರೆಯೊಂದರ ಚೌಕಡಿ ಮೈ ಕಸುವಿನದೇ ಇತ್ತು, ಅದು ಚೌಕ ಚೌಕವಾಗಿಯೇ ಮಾರಿಗೆ ಬಿತ್ತು. ಗುಳೇದಗುಡ್ಡದ ಕಣದ ಕುಬುಸಗಳು ಬೆನ್ನಲ್ಲಿ ಗಟ್ಟಿ, ಕಂಕುಳಲ್ಲಿ ಬೆವರಿಗೆ ಸುಟ್ಟುಹೋದಂತೆ. ಬೆನ್ನು ಉಳಿಯಿತು. ಜರಿ ಇದ್ದದ್ದನ್ನೆಲ್ಲ ಆಯಿ ತೊಟ್ಟಿಲಿನ ಪಾಲಿನಿಂದ ದೂರ ಸರಿಸಿದಳು. ‘ಕೂಸಿಗಿ ಚುಚ್ಚತೈತಿ.’

ಆಮೇಲೆ ಒಂದು ಧೋತರ ಬಂತು. ಅಜ್ಜನದು. ಅಜ್ಜ ಹೋಗಿ ವರ್ಷಗಳಾಗಿವೆ. ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದೆನ್ನುವವರು ಉಂಟು, ದಾನ ಕೊಟ್ಟುಬಿಡುವವರು ಉಂಟು, ಕೂಸಿನ ಕೌದಿಗಂತೂ ಬೇಡವೇ ಬೇಡ ಎನ್ನುವವರು ಬಹಳ. ಗೆಳತಿ ಏನೋ ಹೇಳಲು ಹೋದಳು. ಆಯಿ ಧೋತರವನ್ನು ಮೂರು ಮಡಿಕೆ ಮಾಡಿ ತೊಟ್ಟಿಲ ಅಸ್ತರದ ಮೇಲೆ ಇಟ್ಟು, ಮೇಲೆ ಇನ್ನೊಂದು ತುಂಡು ಹಾಕಿ, ಮಾತು ಮುಂದೆ ನಡೆಸಿದಳು. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಹತ್ತಿ ತೋಟದಲ್ಲಿ ಗುಲಾಮರಾಗಿದ್ದವರ ವಂಶಸ್ಥರು ನೆಲೆಸಿರುವ ಊರು. ಅಲ್ಲಿನ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಕೊಂಡ ಗಂಡನ ಹೊಲದ ಬಟ್ಟೆಗಳನ್ನೇ 1942ರಲ್ಲಿ ಸೀಳಿ ಹೊದಿಕೆ ಹೊಲಿದಳು, ಅವನ ನೆನಪನ್ನು ಹೊದ್ದುಕೊಳ್ಳಲು. ಆ ಊರಿನ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ, ನಂತರ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂದವು. ಪ್ಯಾಂಟಿನ ಮೊಣಕಾಲು ಮಾಸಿದ ಕಡೆ, ಜೇಬು ಕಿತ್ತ ಕಡೆ ಉಳಿದ ಕಡುನೀಲಿ ಚೌಕ, ಇವೇ ಆ ಹೊದಿಕೆಗಳ ಚಿತ್ತಾರ. ಕಲಾವಿಮರ್ಶಕರು ಅವನ್ನು ಆಧುನಿಕ ಚಿತ್ರಕಲೆಗೆ ಹೋಲಿಸಿ ಹೊಗಳಿದರು. ಹೊಗಳಿಕೆ ಸರಿಯೇ, ಆದರೆ ಅದರಲ್ಲಿ ಒಂದು ಲೋಪ ಇದೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ. ಚಿತ್ರಕಾರ ಬಣ್ಣವನ್ನು ಅಂಗಡಿಯಿಂದ ತರುತ್ತಾನೆ. ಇವರ ಬಣ್ಣ ಮನೆಯವರ ಮೈಮೇಲೆ ಮಾಸಿ ಬರಬೇಕು.

ಹತ್ತಿಯ ಮಾತಿಗೆ ಬಂದಂತಾಯಿತು. ಗೀಸ್ ಬೆಂಡ್‌ನಂಥ ಊರುಗಳಿದ್ದ ಅಮೆರಿಕದ ದಕ್ಷಿಣಕ್ಕೂ ನಮ್ಮ ಎರಿಗೂ ಒಂದು ಹಳೆಯ ನಂಟಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡ ಜಿಲ್ಲೆಗೆ ತಂದು ಬಿತ್ತಿಸಿತು. ಭಾರತದಲ್ಲಿ ಬೇರೆ ಬಹಳ ಕಡೆ ಸೊರಗಿದ ಆ ಬೀಜ ಹುಬ್ಬಳ್ಳಿ ಗದಗಿನ ಕಪ್ಪು ನೆಲದಲ್ಲಿ ಕಾಲೂರಿತು. ‘ಧಾರವಾಡ ಅಮೆರಿಕನ್’ ಎಂದೇ ಅದಕ್ಕೆ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳು ಇತ್ತ ತಿರುಗಿದವು, ಇಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿತು. ಗದಗಿನ ಹತ್ತಿ ಪೇಟೆಯ ಹೆಸರು ಬೆಳೆದದ್ದು ಇಂಥ ದಿನಗಳಲ್ಲಿ. ಈಗಲೂ ಸುತ್ತ ಹೊಲದ ತುಂಬ ಹತ್ತಿ. ಮನೆಯೊಳಗೆ?

ಮನೆಯೊಳಗಿನ ಉತ್ತರ ಆ ನಾಲ್ಕನೆಯ ಗುಂಪಿ. ಸಂಜೆಯ ಹೊತ್ತಿಗೆ ಉಳಿದ ಮೂರನ್ನೂ ಕೂಡಿಸಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ಪಾಲಿಸ್ಟರ್ ಸೀರೆ, ನೈಟಿ, ಟೆರಿಕಾಟ್ ಪ್ಯಾಂಟು, ಶಾಲೆಯ ಯೂನಿಫಾರ್ಮು, ಲೆಗ್ಗಿಂಗ್ಸು. ಸನ್ಮಾನದ ಶಾಲುಗಳ ಒಂದು ಪ್ರತ್ಯೇಕ ಕಟ್ಟೇ ಇತ್ತು. ಮನೆಯ ಹಿರಿಯ ಮಗ ಯಾವುದೋ ಸಂಘದಲ್ಲಿದ್ದಾನೆ, ಪಾಪ, ಎಷ್ಟೋ ವೇದಿಕೆ ಹತ್ತಿದ್ದಾನೆ. ಕರ್ನಾಟಕದಲ್ಲಿ ವರ್ಷಕ್ಕೆ ಎಷ್ಟು ಶಾಲು ಹೊದಿಸುತ್ತಾರೋ, ಅದರಲ್ಲಿ ಒಂದಾದರೂ ಚಳಿ ತಡೆದ ವರದಿಯಿಲ್ಲ. ಇವುಗಳ ಜೊತೆಗೆ ಆಯೇರಿ ಜಂಪರ್ ಪೀಸುಗಳು. ಮದುವೆ ಮದುವೆಗೂ ಉಡಿಯಲ್ಲಿ ಬೀಳುವ, ಯಾರೂ ಹೊಲಿಸಿಕೊಳ್ಳದ, ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಉಡಿಗೆ ದಾಟಿಸುವ ತುಂಡುಗಳು. ಕೆಲವಕ್ಕೆ ಮಡಿಕೆಯ ಗೆರೆಯೂ ಹೋಗಿರಲಿಲ್ಲ. ಅವು ಹೊಸವು ತಾನೇ, ಗಟ್ಟಿಯಿರುತ್ತವೆ, ಮಾರಿಗೆ ಹಾಕಬಹುದಲ್ಲ ಎಂದು ಕೇಳಿದೆ.

‘ಅದನ್ನ ಯಾರೂ ಉಟ್ಟಿಲ್ಲ’ ಎಂದಳು ಆಯಿ, ಅಷ್ಟರಲ್ಲೇ ಕಾರಣ ಮುಗಿಯಿತೆಂಬಂತೆ.

ಭಾವದ ಮಾತು ಎಂದು ಮೊದಲು ಕೇಳಿಸಿತು. ಆದರೆ ಅದು ನೇರವಾಗಿ ಬಟ್ಟೆಯ ಗುಣದ ಮಾತು. ಹತ್ತಿಯ ಎಳೆ ನೀರು ಕುಡಿಯುತ್ತದೆ, ಒಗೆದಾಗೆಲ್ಲ ಗಂಜಿ ಬಿಟ್ಟು, ಮೈ ಉಜ್ಜಿದಾಗೆಲ್ಲ ಸಣ್ಣಗೆ ನವಿರೆದ್ದು, ಹತ್ತು ವರ್ಷದಲ್ಲಿ ಮೆತ್ತಗಾಗುತ್ತದೆ. ಆ ಮೆದುತನವನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ, ಉಟ್ಟೇ ಗಳಿಸಬೇಕು. ಪಾಲಿಸ್ಟರ್ ನೀರು ಕುಡಿಯುವುದಿಲ್ಲ. ಬೆವರು ಹೀರುವುದಿಲ್ಲ, ಸವೆದು ಮೆತ್ತಗಾಗುವುದಿಲ್ಲ, ಗುಳ್ಳೆ ಗುಳ್ಳೆಯಾಗಿ ಜುಂಜು ಏಳುತ್ತದೆ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ, ಒಲೆಯ ಮಗ್ಗುಲಲ್ಲಿ ಮಲಗುವ ಬಾಣಂತಿಗೆ ಅದು ಸಣ್ಣ ಮಾತಲ್ಲ. ಅಮೆರಿಕದ ಹೊದಿಕೆಯಲ್ಲಿ ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಹತ್ತಿಯ ಹಾಸು ಇರುತ್ತದೆ, ಮೇಲಿನ ತುಂಡುಗಳು ಹೊಸವಿದ್ದರೂ ನಡೆಯುತ್ತದೆ. ಕೌದಿಗೆ ಹಾಗೆ ಬೇರೆ ಹತ್ತಿ ಇಲ್ಲ. ಸವೆದ ಬಟ್ಟೆಯ ಪದರಗಳೇ ಅದರ ಹತ್ತಿ. ಪದರ ಪದರದ ನಡುವೆ ನಿಂತ ಗಾಳಿಯೇ ಅದರ ಬಿಸುಪು. ಒಂದು ದೊಡ್ಡ ಕೌದಿಗೆ ಐದಾರು ಸೀರೆ ಹೋಗುತ್ತವೆ ಎನ್ನುವುದು ಈ ಕಾರಣಕ್ಕೆ.

ಹೀಗಾಗಿ ಈಗಿನ ಬರ ತುಂಡು ಬಟ್ಟೆಯದಲ್ಲ. ಟೇಲರ್ ಅಂಗಡಿಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ಚೀಲಗಟ್ಟಲೆ ಬಿದ್ದಿರುತ್ತದೆ. ಅದು ತೊಡುವ ಮೊದಲೇ ಉಳಿದ ತುಂಡು. ಆಯಿಗೆ ಬೇಕಾದದ್ದು ತೊಟ್ಟ ಮೇಲೆ ಉಳಿದದ್ದು. ಎರಡಕ್ಕೂ ಚಿಂದಿ ಎಂದೇ ಹೆಸರಿದ್ದರೂ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಪಟ್ಟಣದ ಕರಕುಶಲ ಮಳಿಗೆಗಳಲ್ಲಿ ಕೌದಿ ಎಂದು ಮಾರುವ ಬಹಳಷ್ಟು ಹೊದಿಕೆಗಳನ್ನು ಕೈಯಲ್ಲಿ ಹಿಡಿದಾಗ ಏನೋ ಬಿರುಸು ಎನ್ನಿಸುವುದು ಇದಕ್ಕೇ ಇರಬೇಕು: ಹೊಸ ಬಟ್ಟೆಯನ್ನು ಕತ್ತರಿಸಿ, ಹಳೆಯದೆನ್ನುವಂತೆ ಕೂಡಿಸಿರುತ್ತಾರೆ. ಆನಂದನ ಗದ್ದೆಯ ನಕ್ಷೆಗೆ ಆದದ್ದೇ ಇದಕ್ಕೂ ಆಗಿದೆ. ಹೊಲಿದ ಹೆಂಗಸಿಗೆ ನಾಲ್ಕು ಕಾಸು ಸಿಗುತ್ತದಾದರೆ ನನ್ನ ತಕರಾರಿಲ್ಲ. ಬಾಣಂತಿಗೆ ಮಾತ್ರ ಅದನ್ನು ಕೊಡಲಾರೆ.

ಹಾಗಾದರೆ ಆ ನಾಲ್ಕನೆಯ ಗುಂಪಿಯನ್ನು ಆಯಿ ಬಿಸಾಡಿದಳೇ ಎಂದರೆ ಅದೂ ಇಲ್ಲ. ಯೂನಿಫಾರ್ಮಿನ ಟೆರಿಕಾಟ್ ಟ್ರ್ಯಾಕ್ಟರಿನ ಸೀಟಿಗೆ. ನೈಲಾನ್ ಸೀರೆ ಮೂರೆಳೆ ಹೊಸೆದು ಹಗ್ಗಕ್ಕೆ, ಬಟ್ಟೆ ಒಣಹಾಕಲು, ಆಕಳ ಕರು ಕಟ್ಟಲು. ನೈಟಿ ಕಾಲೊರಸಿಗೆ, ಮೋಟರಿನ ಸ್ಟಾರ್ಟರ್ ಪೆಟ್ಟಿಗೆಗೆ ಹೊದಿಸಲು. ಎರಡು ಬೆರಳಗಲದ ಚೂರುಗಳು, ನೂಲಿನವಾದರೆ ತಲೆದಿಂಬಿಗೆ, ಅಲ್ಲವಾದರೆ ಸಿಂಬಿಯೊಳಗೆ. ಸನ್ಮಾನದ ಶಾಲುಗಳು ಪೂರ್ತಿ ಸೇರಿ ಹೊಸ ಟಿವಿಯ ಮುಸುಕಾದವು. ಹೊರಗೆ ಅಂಗಳದಲ್ಲಿ ಹಾಸಿದ್ದ ತಾಡಪತ್ರಿ ಕೂಡ ರಸಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದದ್ದು. ಪ್ರತಿ ಚೀಲದ ಮೇಲೂ ಕಂಪನಿಯ ಹೆಸರು ಒಂದೊಂದು ದಿಕ್ಕಿಗೆ ಮುಖ ಮಾಡಿತ್ತು, ಅದರ ಮೇಲೆ ಸಂಡಿಗೆ ಒಣಗುತ್ತಿತ್ತು.

ಇಷ್ಟೆಲ್ಲ ಹೇಳುವಾಗ ಒಂದು ಅಪಾಯವಿದೆ, ಹಳ್ಳಿಯ ಹೆಂಗಸು ಏನನ್ನೂ ಬಿಸಾಡುವುದಿಲ್ಲ ಎಂದು ಕೈಮುಗಿದುಬಿಡುವುದು. ಆಯಿ ಬಿಸಾಡುತ್ತಾಳೆ. ಹುಳ ಹಿಡಿದ ಉಣ್ಣೆಯನ್ನು, ಯಾರದೆಂದು ಗೊತ್ತಿಲ್ಲದ ಬಟ್ಟೆಯನ್ನು ಕಡ್ಡಿ ಮುರಿದ ಹಾಗೆ ತಿಪ್ಪೆಗೆ ಕಳಿಸಿದಳು. ಅಗತ್ಯಕ್ಕಿಂತ ಹೆಚ್ಚು ಕೂಡಿಡುವುದೂ ಅವಳಿಗೆ ಆಗದು. ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಇಂಗ್ಲೆಂಡು ಅಮೆರಿಕಗಳ ಹವ್ಯಾಸಿ ಹೊಲಿಗೆಗಾರರು ಕಪಾಟಿನ ತುಂಬ ತುಂಡು ಬಟ್ಟೆ ಕೊಂಡಿಟ್ಟುಕೊಂಡು, ಬಣ್ಣದ ಪ್ರಕಾರ ಡಬ್ಬಿಗಳಲ್ಲಿ ಜೋಡಿಸಿ, ಇದನ್ನು ಬದುಕಿರುವಾಗ ಮುಗಿಸುವುದು ಹೇಗೆ ಎಂದು ಚಿಂತಿಸುತ್ತಾರೆ. ಆಯಿಗೆ ಆ ಚಿಂತೆ ವಿವರಿಸಿದೆ. ಕೊಂಡದ್ದೇಕೆ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮೊದಲೆಲ್ಲ ಈ ಕೆಲಸಕ್ಕೆ ಗೋಂಧಳಿ ಹೆಂಗಸರು ಬರುತ್ತಿದ್ದರು. ಅಂಬಾಭವಾನಿಯ ಒಕ್ಕಲು ಅವರು. ಗಂಡಸರು ಮದುವೆಯ ಮನೆಗಳಲ್ಲಿ ಸಂಬಾಳ ಬಾರಿಸಿ ಗೋಂಧಳ ಹಾಕಿದರೆ, ಹೆಂಗಸರು ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಿದ್ದರು. ಸುಗ್ಗಿ ಮುಗಿಯುತ್ತಲೇ ಬರುವರು, ಕಟ್ಟೆಯ ಮೇಲೆ ಕೂರುವರು, ಜೋಳ, ರೊಟ್ಟಿ, ಒಂದಿಷ್ಟು ರೊಕ್ಕ ಕೂಲಿ. ಕಟ್ಟೆಯ ಮೇಲೆ, ಪಡಸಾಲಿಯಲ್ಲಲ್ಲ ಎನ್ನುವುದನ್ನೂ ಬರೆಯಬೇಕು. ಮೈಗೆ ಹೊದೆಯುವ ಅರಿವಿಯನ್ನು ಇಡೀ ದಿನ ತೊಡೆಯ ಮೇಲೆ ಹಾಕಿಕೊಂಡು ಹೊಲಿದವರಿಗೆ ಹೊಸ್ತಿಲು ದಾಟಲು ಇಲ್ಲ. ಆಯಿಯ ಕಣ್ಣು ಕೂಡ ಅವರಿಂದ ಬಂದದ್ದು. ಚಿಕ್ಕವಳಿದ್ದಾಗ ಅವರ ಮುಂದೆ ಕೂತು ತುಂಡು ಎತ್ತಿಕೊಡುತ್ತಿದ್ದಳಂತೆ. ತಪ್ಪು ತುಂಡು ಕೊಟ್ಟರೆ ಸೂಜಿಯ ಹಿಂಬದಿಯಿಂದ ಬೆರಳಿಗೆ ಒಂದು ಕುಟುಕು. ಈಗ ಅವರು ಬರುವುದು ಅಪರೂಪ. ಬರುವವರು ಸ್ಟೀಲ್ ಪಾತ್ರೆಯವರು, ಹಳೆ ಬಟ್ಟೆಗೆ ಡಬ್ಬಿ ಬುಟ್ಟಿ ಕೊಡುತ್ತಾರೆ. ಅವರ ಲೆಕ್ಕವೇ ಬೇರೆ. ಹರಿಯದ ಪ್ಯಾಂಟು, ಮಿರುಗುವ ಸೀರೆ ಬೇಕು. ಹರಿದ ನೂಲು ಬೇಡ. ಒಂದೇ ಗಂಟನ್ನು ಅವರು ಆಯಿಗೆ ತಲೆಕೆಳಗಾಗಿ ಓದುತ್ತಾರೆ, ಹಾಗಾಗಿ ಇಬ್ಬರಿಗೂ ಜಗಳವಿಲ್ಲ.

ಹೊಲಿಯುವ ಕ್ರಮ ಕರ್ನಾಟಕದಲ್ಲೇ ಊರಿಗೊಂದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಿನ ಸಿದ್ದಿ ಹೆಂಗಸರ ಕವಂದ್ ಒಂದು ಮೂಲೆಯಿಂದ ಶುರುವಾಗಿ ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ‘ಫೂಲ’ ಇಡದೆ ಅವರು ಹೊದಿಕೆಯನ್ನು ಮುಗಿಯಿತು ಎನ್ನುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ನಡುವೆ ಇದ್ದು ಬರೆದ ಮೇಲೆ ಆ ಹೊದಿಕೆಗಳು ಹೊರದೇಶದ ಪ್ರದರ್ಶನಗಳನ್ನು ಕಂಡವು. ಸಂಡೂರಿನ ಲಂಬಾಣಿ ಹೆಂಗಸರಂತೂ 2023ರಲ್ಲಿ ಹಂಪಿಯ ಜಿ-20 ಸಭೆಗೆ 1755 ಕಸೂತಿ ತುಂಡುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಹಿರೇವಡ್ಡಟ್ಟಿಯ ಪಡಸಾಲಿಯಲ್ಲಿ ಇಷ್ಟು ಗದ್ದಲವಿಲ್ಲ. ಅಸ್ತರ ಹಾಸಿ ನಾಲ್ಕು ಮೂಲೆಗೆ ಒಳಕಲ್ಲಿನ ಗುಂಡು, ಕೊಡ, ಕೈಗೆ ಸಿಕ್ಕ ಭಾರ ಇಡುತ್ತಾರೆ. ಒಳಪದರ, ಅದರ ಮೇಲೆ ಮಾರಿ. ಉದ್ದನೆಯ ಹೊಲಿಗೆಯಲ್ಲಿ ಒಮ್ಮೆ ಹಿಡಿಸಿ, ಆಮೇಲೆ ಇಬ್ಬರು ಎದುರುಬದುರು ಕೂತು ಅಂಚಿನಿಂದ ಒಳಕ್ಕೆ ಸಾಲು ಹಿಡಿಯುತ್ತಾರೆ. ಬಂಗಾಳದ ಕಾಂಥಾ ಹೊಲಿಯುವವರು ಹಿಂದೆ ಹಳೆ ಸೀರೆಯ ಅಂಚಿನಿಂದಲೇ ಎಳೆ ಕಿತ್ತು ದಾರ ಮಾಡಿಕೊಳ್ಳುತ್ತಿದ್ದರು ಎಂದೆ. ಆಯಿ ಒಂದು ಗಳಿಗೆ ಯೋಚಿಸಿ, ಅವರ ಸೀರೆ ಒಳ್ಳೇವಿರಬೇಕು ಎಂದಳು. ಇಲ್ಲಿ ದಾರ ಮುಂಡರಗಿ ಸಂತೆಯದು.

ಬಸುರಿ ಹುಡುಗಿ ಅಷ್ಟು ಹೊತ್ತೂ ಗೋಡೆಗೆ ಒರಗಿ ಫೋನು ನೋಡುತ್ತ ಕೂತಿದ್ದಳು. ಬೆಂಗಳೂರಿನಲ್ಲಿ ಕೆಲಸ. ಹೋಗುವಾಗ ಗಂಡನ ಮನೆಗೆ ಕೌದಿ ಒಯ್ಯುತ್ತೀಯಾ ಎಂದು ಕೇಳಿದೆ. ವಾಷಿಂಗ್ ಮಷೀನಿನಲ್ಲಿ ಹಾಕಬಹುದಾ ಎಂಬುದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆ, ನೀರು ಕುಡಿದ ದೊಡ್ಡ ಕೌದಿಯನ್ನು ಇಬ್ಬರು ಹಿಂಡಬೇಕು, ಹಳ್ಳದ ಬಂಡೆ ಬೇಕು, ಎರಡು ದಿನದ ಬಿಸಿಲು ಬೇಕು. ಫ್ಲ್ಯಾಟಿನ ಬಾಲ್ಕನಿಯ ಕೆಲಸವಲ್ಲ. ಆಯಿ ಅದಕ್ಕೂ ದಾರಿ ಹುಡುಕಿದ್ದಳು. ತೊಟ್ಟಿಲ ಕೌದಿಯನ್ನು ಒಂದಲ್ಲ, ಕೈಯಗಲದ ಸಣ್ಣ ಸಣ್ಣ ಐದಾರು ಮಾಡುವುದು, ಮೂರೇ ಪದರ. ‘ಉಚ್ಚಿ ಹೊಯ್ಯೂ ಕೂಸಿಗಿ ದೊಡ್ಡದೇನ ಮಾಡ್ತಿ?’ ಜೊತೆಗೆ ಒಂದು ಕುಂಚಿಗಿ. ಬಾಣಂತಿಯ ದೊಡ್ಡ ಕೌದಿ ಇಲ್ಲೇ ಇರಲಿ, ಬಂದಾಗ ಹೊದೆಯಲಿ.

ಹೊರಡುವ ಹೊತ್ತಿಗೆ ಲೆಕ್ಕ ಹಾಕಿದರೆ ಸಣ್ಣ ಕೌದಿಗಳಿಗೆ ಅರಿವಿ ಸಾಕು, ದೊಡ್ಡದಕ್ಕೆ ಒಳಪದರ ಕಡಿಮೆ. ಇನ್ನೂ ಎರಡು ನೂಲಿನ ಸೀರೆ ಬೇಕು. ಓಣಿಯಲ್ಲಿ ಕೇಳಿ ನೋಡಿದ್ದರು, ಇದ್ದವರು ತಮಗೇ ಬೇಕು ಎಂದಿದ್ದರು.

‘ನಿಮ್ಮ ಕಡೆ ಇದ್ರ ಕೊಟ್ಟ ಕಳಸು, ಯವ್ವಾ. ಹರದಿರಲಿ, ಮಾಸಿರಲಿ, ನಡೀತೈತಿ. ನೈಟಿ ಬ್ಯಾಡ. ಶಾಲಂತೂ ಬ್ಯಾಡಾ ಬ್ಯಾಡ.’

ಧಾರವಾಡಕ್ಕೆ ಬಂದವಳೇ ಕಪಾಟು ತೆಗೆದು ಹುಡುಕಿದೆ. ಅವ್ವನ ಕಾಲದ ನೂಲಿನ ಸೀರೆ ಒಂದೇ ಉಳಿದಿತ್ತು. ಬೆಳಕಿಗೆ ಹಿಡಿದೆ, ಹೆಬ್ಬೆರಳಿನಿಂದ ಒತ್ತಿದೆ. ಒಳಪದರಕ್ಕೆ ಸರಿಯಾಗಿತ್ತು. ಇನ್ನೊಂದಕ್ಕಾಗಿ ಮಗ್ಗುಲು ಮನೆಯವರನ್ನು ಕೇಳಿದ್ದೇನೆ. ಅವರ ಅತ್ತೆಯದೊಂದು ಇದೆಯಂತೆ, ಕೊಡುವ ಮನಸ್ಸು ಇನ್ನೂ ಬಂದಿಲ್ಲ.